ಕುರ್ತಿಯೊಳಗೆ ಅಡಗುವ ಪಿಸ್ತೂಲು ಹುಡುಕಿದ ಕಥೆ

ಖಾಲಿ ಮನೆಗಳನ್ನು ತೋರಿಸುವುದು ನನ್ನ ಕೆಲಸ. ಡಲ್ಲಾಸಿನ ಉತ್ತರಕ್ಕೆ ಫ್ರಿಸ್ಕೊ, ಪ್ರಾಸ್ಪರ್, ಸೆಲೈನಾ ಕಡೆ ಹೊಸ ಬಡಾವಣೆಗಳು ಏಳುತ್ತಲೇ ಇವೆ. ನನ್ನ ಹತ್ತಿರ ಮನೆ ಕೊಳ್ಳುವವರಲ್ಲಿ ನಮ್ಮವರೇ ಜಾಸ್ತಿ. ಆದರೆ ಫೋನ್ ಮಾಡಿ "ಇವತ್ತು ಸಂಜೆ ಆ ಮನೆ ನೋಡಬಹುದಾ?" ಎಂದು ಕೇಳುವವರೆಲ್ಲ ಗೊತ್ತಿರುವವರಲ್ಲ. ಪಕ್ಕದ ಸೈಟಿನಲ್ಲಿ ಇನ್ನೂ ಗೋಡೆ ಎದ್ದಿರುವುದಿಲ್ಲ, ಬೀದಿಗೆ ಜನ ಬಂದಿರುವುದಿಲ್ಲ. ಮನೆಯೊಳಗೆ ನಾನು, ಮತ್ತೆ ಹೆಸರೊಂದು ಬಿಟ್ಟರೆ ಬೇರೇನೂ ಗೊತ್ತಿಲ್ಲದ ಒಬ್ಬ ಮನುಷ್ಯ. 2006ರಲ್ಲಿ ಇಲ್ಲೇ ಪಕ್ಕದ ಮೆಕಿನಿಯಲ್ಲಿ, ಮಾದರಿಗೆಂದು ಕಟ್ಟಿ ತೋರಿಸುವ ಮನೆಯಲ್ಲಿ (ಮಾಡೆಲ್ ಹೋಮ್) ಕೆಲಸಕ್ಕಿದ್ದ ಏಜೆಂಟ್ ಒಬ್ಬರನ್ನು ಹಾಡಹಗಲೇ ಕೊಂದರು. 2014ರಲ್ಲಿ ಆರ್ಕನ್ಸಾ ರಾಜ್ಯದಲ್ಲಿ ಮನೆ ತೋರಿಸಲು ಹೋದ ಇನ್ನೊಬ್ಬರನ್ನು ಅಪಹರಿಸಿ ಕೊಂದರು. ಈ ಕಸುಬಿಗೆ ಹೊಸದಾಗಿ ಬಂದ ಹೆಂಗಸರಿಗೆ ಈ ಎರಡು ಸಂಗತಿಗಳನ್ನು ಯಾರಾದರೂ ಹೇಳಿಯೇ ಹೇಳುತ್ತಾರೆ.

ಹಾಗಂತ ಪಿಸ್ತೂಲು ಇದ್ದರೆ ಎಲ್ಲ ಸರಿಹೋಗುತ್ತದೆ ಎಂಬ ಭ್ರಮೆ ನನಗಿಲ್ಲ. ಮೊದಲ ಭೇಟಿ ಆಫೀಸಿನಲ್ಲೇ ಆಗಬೇಕು, ಬಂದವರ ಡ್ರೈವಿಂಗ್ ಲೈಸೆನ್ಸಿನ ಫೋಟೋ ತೆಗೆದುಕೊಳ್ಳಬೇಕು, ಅವರನ್ನು ಮುಂದೆ ಬಿಟ್ಟು ನಾವು ಹಿಂದೆ ನಡೆಯಬೇಕು, ಕಾರನ್ನು ಯಾರೂ ಅಡ್ಡ ಹಾಕಲಾಗದ ಕಡೆ ನಿಲ್ಲಿಸಬೇಕು. ಇಷ್ಟು ಮಾಡಿದರೆ ಮುಕ್ಕಾಲು ಪಾಲು ಅಪಾಯ ದೂರವಾಗುತ್ತದೆ. ಉಳಿದ ಕಾಲು ಪಾಲಿಗೆ ಏನು ಎಂದು ಯೋಚಿಸಿದಾಗ ಪಿಸ್ತೂಲಿನ ಮಾತು ಬಂತು.

ಕೋವಿ ನನಗೇನೂ ಅಪರಿಚಿತ ವಸ್ತುವಲ್ಲ. ತೀರ್ಥಹಳ್ಳಿ ಕಡೆಯ ನಮ್ಮ ಅಜ್ಜನ ಮನೆಯಲ್ಲಿ ಒಂದು ಕೇಪಿನ ಕೋವಿ ಇತ್ತು. ತೋಟಕ್ಕೆ ಮಂಗ ಬಂದರೆ ಒಂದು ಈಡು. ಚುನಾವಣೆ ಬಂತೆಂದರೆ ಅದನ್ನು ಪೊಲೀಸ್ ಠಾಣೆಗೆ ಒಪ್ಪಿಸಿ ಬರಬೇಕಿತ್ತು. ಆದರೆ ಅದು ಗೋಡೆಯ ಮೇಲೆ, ಬಂದವರಿಗೆಲ್ಲ ಕಾಣುವ ಹಾಗೆ ಇರುತ್ತಿದ್ದ ಸಾಮಾನು. ಮೈಮೇಲೆ ಇದ್ದೂ ಯಾರಿಗೂ ಕಾಣಬಾರದ ಆಯುಧ ಅನ್ನುವುದು ನನಗೆ ಪೂರ್ತಿ ಹೊಸದು.

ಟೆಕ್ಸಸ್‌ನಲ್ಲಿ 2021ರ ಸೆಪ್ಟೆಂಬರ್ 1ರಿಂದ, 21 ತುಂಬಿದವರು ಕಾನೂನಿನ ಬೇರೆ ಅಡ್ಡಿ ಇಲ್ಲದಿದ್ದರೆ ಲೈಸೆನ್ಸ್ ಇಲ್ಲದೆಯೇ ಪಿಸ್ತೂಲು ಇಟ್ಟುಕೊಂಡು ಓಡಾಡಬಹುದು. ಹಾಗಿದ್ದರೂ ನಾನು ಲೈಸೆನ್ಸ್ ಮಾಡಿಸಬೇಕು ಎಂದೇ ತೀರ್ಮಾನಿಸಿದೆ. ಕಾರಣ ಶಾಲೆಗಳು. ಶಾಲೆಯ ಆವರಣದಿಂದ 1000 ಅಡಿಯೊಳಗೆ ಬಂದೂಕು ಒಯ್ಯಬಾರದು ಎಂಬ ಕೇಂದ್ರದ ಕಾನೂನೊಂದಿದೆ. ಶಾಲೆ ಇರುವ ರಾಜ್ಯದ ಲೈಸೆನ್ಸ್ ಇದ್ದವರಿಗೆ ಅದರಲ್ಲಿ ವಿನಾಯಿತಿ ಇದೆ. ನಾನು ಮನೆ ತೋರಿಸುವ ಬಡಾವಣೆಗಳಲ್ಲಿ ನಡುಮಧ್ಯೆ ಒಂದು ಎಲಿಮೆಂಟರಿ ಶಾಲೆ ಇದ್ದೇ ಇರುತ್ತದೆ. "ಶಾಲೆಗೆ ನಡೆದೇ ಹೋಗಬಹುದು" ಎಂದು ನಾನೇ ಜಾಹೀರಾತಿನಲ್ಲಿ ಬರೆಯುತ್ತೇನೆ! ಲೈಸೆನ್ಸ್ ಇಲ್ಲದೆ ಓಡಾಡಿದರೆ ದಿನಕ್ಕೊಂದು ಸಲವಾದರೂ ಆ ಗೆರೆ ದಾಟಿರುತ್ತಿದ್ದೆ.

ಇಲ್ಲೇ ಇನ್ನೊಂದು ಮಾತು ಹೇಳಿಬಿಡುತ್ತೇನೆ, ನಮ್ಮವರು ಇದನ್ನು ಲಘುವಾಗಿ ತೆಗೆದುಕೊಳ್ಳುತ್ತಾರೆ. ಎಚ್-1ಬಿ ಥರದ ತಾತ್ಕಾಲಿಕ ವೀಸಾದಲ್ಲಿ ಇರುವವರು ಸಾಮಾನ್ಯವಾಗಿ ಬಂದೂಕು ಕೊಳ್ಳುವ ಹಾಗಿಲ್ಲ, ಇಟ್ಟುಕೊಳ್ಳುವ ಹಾಗೂ ಇಲ್ಲ. ಬೇಟೆಯ ಲೈಸೆನ್ಸ್‌ನಂಥ ಕೆಲವು ವಿನಾಯಿತಿಗಳಿವೆ ನಿಜ. ಆದರೆ ಗೆಳೆಯ ಹೇಳಿದ ಎಂದು ಅದರ ಮೇಲೆ ನಂಬಿಕೆ ಇಡಬೇಡಿ, ವಕೀಲರನ್ನು ಕೇಳಿ. ಗ್ರೀನ್ ಕಾರ್ಡ್ ಇದ್ದರೆ, ಪೌರತ್ವ ಸಿಕ್ಕಿದ್ದರೆ ಈ ತೊಡಕಿಲ್ಲ. ನನಗೆ ಪೌರತ್ವ ಸಿಕ್ಕಿತ್ತು.

ಮೊದಲು ಹೋದ ಅಂಗಡಿಯಲ್ಲಿ ಕೌಂಟರಿನ ಆಚೆ ಇದ್ದವರು ನನ್ನನ್ನು ಒಂದು ಸಲ ನೋಡಿದರು, ಗಾಜಿನ ಕಪಾಟಿನಿಂದ ಎರಡು ಸಾಮಾನು ತೆಗೆದು ಇಟ್ಟರು. ಒಂದು ರೂಗರ್ ಎಲ್‌ಸಿಪಿ ಎಂಬ ಪುಟ್ಟ ಪಿಸ್ತೂಲು. ಇನ್ನೊಂದು ಸ್ಮಿತ್ ಆ್ಯಂಡ್ ವೆಸನ್ 642 ರಿವಾಲ್ವರ್. "ಹೆಂಗಸರು ಇದನ್ನೇ ತಗೊಳ್ಳೋದು" ಎಂದರು. ನಾನು ಏನು ಕೆಲಸ ಮಾಡುತ್ತೇನೆ, ಏನು ಉಡುತ್ತೇನೆ, ಮೊದಲು ಗುಂಡು ಹಾರಿಸಿದ್ದೇನಾ ಎಂದು ಒಂದು ಪ್ರಶ್ನೆ ಕೇಳಲಿಲ್ಲ. ಎಲ್‌ಸಿಪಿಯ ಹಿಡಿಗೆ ಗುಲಾಬಿ ಬಣ್ಣ ಬೇರೆ. ಚಿಕ್ಕ ಕೈಗೆ ಚಿಕ್ಕ ಪಿಸ್ತೂಲು ಎಂಬ ಲೆಕ್ಕ ಕೇಳಲು ಎಷ್ಟು ಸರಿಯಾಗಿದೆ ಅನ್ನಿಸುತ್ತದೆ, ಅಲ್ವಾ? ನನ್ನ ಗಂಡನಿಗೂ ಸರಿ ಅನ್ನಿಸಿತು. ಕೊಂಡುಬಿಡು, ಮುಗಿಯಲಿ ಎಂದರು. ನಾನು ಹಾರಿಸಿ ನೋಡದೆ ತೆಗೆದುಕೊಳ್ಳುವುದಿಲ್ಲ ಎಂದು ಹೊರಟೆ.

ಇಲ್ಲಿ ಅದೊಂದು ಅನುಕೂಲ. ಶೂಟಿಂಗ್ ರೇಂಜ್‌ಗಳಲ್ಲಿ ಬಾಡಿಗೆಗೆ ಪಿಸ್ತೂಲು ಕೊಡುತ್ತಾರೆ. ಒಂದನ್ನು ಹಾರಿಸಿ, ವಾಪಸ್ ಕೊಟ್ಟು, ಇನ್ನೊಂದು ತೆಗೆದುಕೊಳ್ಳಬಹುದು. ಹೆಂಗಸರಿಗೆ ಕಲಿಸುವ ಒಬ್ಬ ಶಿಕ್ಷಕಿಯನ್ನು ಹುಡುಕಿ ಅವರ ಜೊತೆ ಹೋದೆ. ಸೇನೆಯಲ್ಲಿ ಇದ್ದು ಬಂದವರು, ಮಾತು ಕಡಿಮೆ. ಮೊದಲ ತರಗತಿಯಲ್ಲಿ ಗುಂಡನ್ನೇ ಕೊಡಲಿಲ್ಲ. ತುಂಬಿರಲಿ ಖಾಲಿ ಇರಲಿ, ತುಂಬಿದೆ ಎಂದೇ ತಿಳಿ. ಬೆರಳು ಟ್ರಿಗರಿನಿಂದ ಹೊರಗೆ. ಬಾಯಿ ಯಾವಾಗಲೂ ಗುರಿಯ ಕಡೆ. ಗುರಿಯ ಹಿಂದೆ ಏನಿದೆ ನೋಡಿಕೋ. ಇವಿಷ್ಟನ್ನೇ ತಿರುಗಿ ತಿರುಗಿ ಹೇಳಿಸಿದರು.

ಅವರು ಮೊದಲು ಕೈಗೆ ಕೊಟ್ಟದ್ದು ಗ್ಲಾಕ್ 19. ಪೊಲೀಸರ ಸೊಂಟದಲ್ಲಿ ಕಾಣುವಂಥದ್ದು, 15 ಗುಂಡು ಹಿಡಿಯುವ, ನಾಲ್ಕು ಇಂಚಿನ ನಳಿಗೆಯ ದಪ್ಪ ಪಿಸ್ತೂಲು. ಇದು ನನಗೆ ಆಗುವುದಿಲ್ಲ ಎಂದುಕೊಂಡೇ ಹಿಡಿದೆ. ಹಾರಿಸಿದರೆ ಗುಂಡುಗಳೆಲ್ಲ ಕಾಗದದ ನಡುವಿಗೆ ಒಂದಕ್ಕೊಂದು ಹತ್ತಿರ ಹತ್ತಿರ ಬಿದ್ದವು. ಆಮೇಲೆ, ನನ್ನ ಕೋರಿಕೆಯ ಮೇರೆಗೆ, ಆ ಪುಟಾಣಿ ಎಲ್‌ಸಿಪಿ. ಖಾಲಿ ಇದ್ದಾಗ ಮುನ್ನೂರು ಗ್ರಾಮೂ ತೂಗದ ಸಾಮಾನು. ಎರಡು ಬೆರಳಿಗಷ್ಟೇ ಹಿಡಿ ಸಿಗುತ್ತದೆ. ಹಾರಿಸಿದ ತಕ್ಷಣ ಹೆಬ್ಬೆರಳು ಮತ್ತು ತೋರುಬೆರಳಿನ ಸಂದಿಯಲ್ಲಿ ಚುರ್ ಎಂದಿತು. ಹಿಡಿಯೊಳಗಿನ ಗುಂಡಿನ ಡಬ್ಬಿ, ಅಂದರೆ ಮ್ಯಾಗಜೀನ್, ಮುಗಿಯುವಷ್ಟರಲ್ಲಿ ಮುಂದಿನ ಗುಂಡಿಗೆ ಮೈ ಮೊದಲೇ ಬೆಚ್ಚುತ್ತಿತ್ತು, ಕಣ್ಣು ತಾನಾಗಿ ಮುಚ್ಚುತ್ತಿತ್ತು. ಕಾಗದದ ಮೇಲೆ ತೂತುಗಳು ಎಲ್ಲೆಲ್ಲೋ.

ಅದರ ಹಿಂದಿನ ಲೆಕ್ಕ ಸರಳ. ಗುಂಡಿನ ಬಲ ತಡೆಯಲು ಪಿಸ್ತೂಲಿನ ತೂಕ ಬೇಕು. ತೂಕ ಇಲ್ಲದಿದ್ದರೆ ಒದೆತವೆಲ್ಲ ನೇರ ಕೈಗೆ. ಎಲ್‌ಸಿಪಿ ಹಾರಿಸುವ .380 ಎಂಬ ಅಳತೆಯ ಗುಂಡು 9 ಎಂಎಂ ಅಳತೆಯ ಗುಂಡಿಗಿಂತ ಮೆತ್ತಗಿನದು. ಆದರೂ ಅದು ಗ್ಲಾಕ್ 19ರ 9 ಎಂಎಂಗಿಂತ ಜೋರಾಗಿ ಒದೆಯಿತು. ಮೇಲಿಂದ ನಳಿಗೆ ಗಿಡ್ಡ, ಗುರಿ ಹಿಡಿಯಲು ಮೇಲೆ ಇರುವ ಹಿಂದಿನ ಮುಂದಿನ ಗುರುತುಗಳ ನಡುವಿನ ಅಂತರವೂ ಗಿಡ್ಡ. ಹಿಡಿತದಲ್ಲಿ ಕೂದಲೆಳೆ ತಪ್ಪಿದರೂ ದೂರ ಹೋದಂತೆ ತಪ್ಪು ದೊಡ್ಡದಾಗುತ್ತದೆ. ಅಡಗಿಸಲು ಸುಲಭವಾದಷ್ಟೂ ಹಾರಿಸಲು ಕಷ್ಟ. ಅಂಗಡಿಯವರು ಹೊಸಬರಿಗೆ ಕೊಡುತ್ತಿದ್ದದ್ದು ಪಳಗಿದವರಿಗೇ ಕಷ್ಟವಾಗುವ ಸಾಮಾನು!

ರಿವಾಲ್ವರಿನದು ಬೇರೆ ಕಥೆ. 642ರಲ್ಲಿ ಐದು ಗುಂಡು. ಗುಂಡು ಏರಿಸಲು ಹಿಂದಕ್ಕೆ ಎಳೆಯಬೇಕಾದ ಪಿಸ್ತೂಲಿನ ಮೇಲ್ಭಾಗ, ಅಂದರೆ ಸ್ಲೈಡ್, ಇದರಲ್ಲಿ ಇಲ್ಲ, ಸಿಕ್ಕಿಹಾಕಿಕೊಳ್ಳುವುದು ಬಹಳ ಕಡಿಮೆ, ಗುಂಡು ಹಾರಿಸಲು ಬಡಿಯುವ ಸುತ್ತಿಗೆ ಒಳಗೇ ಇರುವುದರಿಂದ ಬಟ್ಟೆಗೆ ತಗಲುವುದಿಲ್ಲ. ಕೇಳಲು ಎಲ್ಲ ಚೆನ್ನ. ಟ್ರಿಗರ್ ಎಳೆಯುವಾಗ ಗೊತ್ತಾಗುತ್ತದೆ. ಉದ್ದ, ಬಿಗಿ. ನಾನು ಎಳೆಯುತ್ತ ಹೋದಂತೆ ನಳಿಗೆಯ ತುದಿ ಎಡಕ್ಕೆ ಜಾರುತ್ತಿತ್ತು. ಬೆರಳಿನಲ್ಲಿ ಬಲ ಇರುವವರಿಗೆ ಅದು ಇವತ್ತಿಗೂ ಒಳ್ಳೆಯ ಆಯ್ಕೆಯೇ.

ಸ್ಲೈಡ್ ಎಳೆಯುವುದು ನನಗೆ ದೊಡ್ಡ ತಲೆನೋವಾಗಿತ್ತು. ಪಿಸ್ತೂಲು ಚಿಕ್ಕದಾದಷ್ಟೂ ಸ್ಲೈಡ್ ಹಗುರ, ಹಿಂದೆ ಸರಿಯುವ ಜಾಗವೂ ಕಡಿಮೆ. ಅದಕ್ಕೆ ಒಳಗಿನ ಸ್ಪ್ರಿಂಗ್ ಬಿಗಿ ಇಟ್ಟಿರುತ್ತಾರೆ. ನಾನು ಹೆಬ್ಬೆರಳು ಮತ್ತು ತೋರುಬೆರಳಲ್ಲಿ ಚಿವುಟಿ ಹಿಡಿದು, ಮುಖ ಕೆಂಪಾಗುವ ತನಕ ಎಳೆಯುತ್ತಿದ್ದೆ. ಶಿಕ್ಷಕಿ ಪಿಸ್ತೂಲನ್ನು ನನ್ನ ಎದೆಯ ಹತ್ತಿರ ತರಿಸಿದರು, ಬಾಯಿ ಮುಂದಕ್ಕೇ ಇರುವ ಹಾಗೆ. ಎಡಗೈಯ ಅಂಗೈಯನ್ನು ಸ್ಲೈಡಿನ ಮೇಲೆ ಕವುಚಿ, ನಾಲ್ಕೂ ಬೆರಳಿಂದ ಬಿಗಿಯಾಗಿ ಹಿಡಿಸಿದರು. "ಈಗ ಎಡಗೈ ಎಳೆಯಬೇಡ. ಬಲಗೈಯನ್ನು ಮುಂದಕ್ಕೆ ನೂಕು." ನೂಕಿದೆ. ಕಟಕ್ ಎಂದು ತೆರೆಯಿತು. ಒನಕೆ ಹಿಡಿದು ಕುಟ್ಟುವಾಗ ಹೇಗೆ ತೋಳಿನ ಜೊತೆ ಇಡೀ ಮೈ ಕೆಲಸ ಮಾಡುತ್ತದೋ ಹಾಗೆ. ಬೆರಳಿನ ಬಲವೇ ಬೇಕಿಲ್ಲ. ಕೀಲುನೋವು ಇರುವವರಿಗೆ ಇದೂ ಕಷ್ಟವಾದರೆ ಸ್ಮಿತ್ ಆ್ಯಂಡ್ ವೆಸನ್‌ನವರದೇ ಶೀಲ್ಡ್ ಇಝೀ ಇದೆ. ಅದರ ಸ್ಲೈಡ್ ಬೆಣ್ಣೆ. ನಾನು ಅದನ್ನೂ ಹಾರಿಸಿದೆ, ಬಹಳ ಹಿಡಿಸಿತು. ಆದರೆ ನನ್ನ ಸೊಂಟಕ್ಕೆ ಅದು ದೊಡ್ಡದಾಯಿತು.

ಕೊನೆಗೆ ಉಳಿದದ್ದು ಎರಡು. ಗ್ಲಾಕ್ 43ಎಕ್ಸ್, ಸಿಗ್ ಪಿ365. 2018ರಲ್ಲಿ ಪಿ365 ಬರುವ ತನಕ ಇಷ್ಟು ಚಿಕ್ಕ 9 ಎಂಎಂ ಪಿಸ್ತೂಲಿನಲ್ಲಿ ಆರೋ ಏಳೋ ಗುಂಡು ಸಿಕ್ಕರೆ ಹೆಚ್ಚು. ಸಿಗ್‌ನವರು ಅದೇ ಗಾತ್ರದಲ್ಲಿ ಹತ್ತು ಗುಂಡು ಹಿಡಿಸಿದರು. ಮರುವರ್ಷವೇ ಗ್ಲಾಕ್‌ನವರ 43ಎಕ್ಸ್, ಸ್ಪ್ರಿಂಗ್‌ಫೀಲ್ಡ್‌ನವರ ಹೆಲ್‌ಕ್ಯಾಟ್ ಬಂದವು. 43ಎಕ್ಸ್‌ನ ಹಿಡಿ ಉದ್ದ, ಕಿರುಬೆರಳಿಗೂ ಜಾಗ ಸಿಗುತ್ತದೆ, ಕೈಗೆ ಹಿತ. ಪಿ365ರಲ್ಲಿ ಎರಡು ಥರದ ಮ್ಯಾಗಜೀನ್ ಕೊಡುತ್ತಾರೆ. ಒಂದರ ಬುಡ ಚಪ್ಪಟೆ, ಕಿರುಬೆರಳು ಗಾಳಿಯಲ್ಲಿ. ಇನ್ನೊಂದರ ಬುಡದಲ್ಲಿ ಸಣ್ಣ ಮೂಗಿನಂಥದ್ದು ಮುಂದೆ ಚಾಚಿರುತ್ತದೆ, ಕಿರುಬೆರಳು ಅದರ ಮೇಲೆ ಕೂರುತ್ತದೆ. ಅಷ್ಟೇ ವ್ಯತ್ಯಾಸ. ಆದರೆ ಆ ಮೂಗು ಇರುವ ಮ್ಯಾಗಜೀನ್ ಹಾಕಿದಾಗ ಪಿಸ್ತೂಲು ನನ್ನ ಕೈಯಲ್ಲಿ ಹೊರಳುವುದು ನಿಂತಿತು.

ಇನ್ನು ಬಟ್ಟೆಯ ವಿಷಯ. ಇದರ ಬಗ್ಗೆ ಗಂಡಸರು ಬರೆದದ್ದನ್ನು ಎಷ್ಟು ಓದಿದರೂ ಪ್ರಯೋಜನ ಇಲ್ಲ. ಅವರದು ಜೀನ್ಸ್, ದಪ್ಪ ಬೆಲ್ಟ್, ಮೇಲೊಂದು ಅಂಗಿ. ನನ್ನದು ಕುರ್ತಿ, ಲೆಗ್ಗಿಂಗ್ಸ್. ಲೆಗ್ಗಿಂಗ್ಸ್‌ಗೆ ಬೆಲ್ಟ್ ಎಲ್ಲಿ? ಪಿ365ಕ್ಕೆ ಗುಂಡು ತುಂಬಿಸಿದರೆ 600 ಗ್ರಾಂ ದಾಟುತ್ತದೆ. ಅಷ್ಟು ತೂಕ ಎಲಾಸ್ಟಿಕ್ಕಿಗೆ ನೇತುಹಾಕಿದರೆ ನಡೆಯುತ್ತ ನಡೆಯುತ್ತ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಪರ್ಸಿನಲ್ಲಿ ಇಡು ಎಂದವರು ಬಹಳ ಜನ. ಶಿಕ್ಷಕಿ ಒಪ್ಪಲಿಲ್ಲ, ನನಗೂ ಒಪ್ಪಿಗೆಯಾಗಲಿಲ್ಲ. ಕಳ್ಳ ಮೊದಲು ಕಸಿಯುವುದೇ ಪರ್ಸು. ಮನೆಗೆ ಬಂದರೆ ಪರ್ಸು ಡೈನಿಂಗ್ ಟೇಬಲ್ ಮೇಲೆ ಬಿದ್ದಿರುತ್ತದೆ, ಮಗಳು ಚ್ಯೂಯಿಂಗ್ ಗಮ್ ಹುಡುಕಲು ಅದರೊಳಗೇ ಕೈ ಹಾಕುತ್ತಾಳೆ. ಸುಮ್ನೆ ಆ ದಾರಿಯೇ ಬೇಡ ಎಂದು ಬಿಟ್ಟೆ. ಹೊಟ್ಟೆಗೆ ಸುತ್ತುವ ಎಲಾಸ್ಟಿಕ್ ಪಟ್ಟಿಯೂ ಸಿಗುತ್ತದೆ. ಅಗ್ಗದವುಗಳಲ್ಲಿ ಟ್ರಿಗರಿನ ಮೇಲೆ ಬರೀ ಬಟ್ಟೆ ಇರುತ್ತದೆ. ಏನಾದರೂ ಒತ್ತಿದರೆ ಬಟ್ಟೆಯ ಮೇಲಿಂದಲೇ ಟ್ರಿಗರ್ ಸರಿಯಬಹುದು. ಟ್ರಿಗರನ್ನು ಪೂರ್ತಿ ಮುಚ್ಚುವ ಗಟ್ಟಿ ಪ್ಲಾಸ್ಟಿಕ್ಕಿನ, ಅಂದರೆ ಕೈಡೆಕ್ಸ್‌ನ ಹೋಲ್‌ಸ್ಟರ್ (ಪಿಸ್ತೂಲಿನ ಒರೆ) ಬಿಟ್ಟು ಬೇರೆ ಯಾವುದನ್ನೂ ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕೊನೆಗೆ ಸಿಕ್ಕಿದ್ದು ಎನಿಗ್ಮಾ ಎಂಬ ಜೋಡಣೆ. ಕೈಡೆಕ್ಸ್ ಹೋಲ್‌ಸ್ಟರನ್ನು ಅದರ ತಗಡಿನಂಥ ಹಾಳೆಗೆ ಸ್ಕ್ರೂ ಹಾಕಿ ಕೂರಿಸುತ್ತಾರೆ. ಅದಕ್ಕೆ ತನ್ನದೇ ಆದ ತೆಳು ಬೆಲ್ಟ್, ಕಾಲಿಗೊಂದು ಪಟ್ಟಿ. ಪ್ಯಾಂಟಿಗೂ ಅದಕ್ಕೂ ಸಂಬಂಧವೇ ಇಲ್ಲ. ಹೊಕ್ಕುಳಿನ ಕೆಳಗೆ, ಸ್ವಲ್ಪ ಬಲಕ್ಕೆ ಕೂರುತ್ತದೆ. ಮೊದಮೊದಲು ಕಾರಿನಲ್ಲಿ ಕೂತಾಗ ಒತ್ತುತ್ತಿತ್ತು. ಎತ್ತರ, ಓರೆ ಎಲ್ಲ ಸರಿಮಾಡಿಕೊಳ್ಳಲು ಸಮಯ ಹಿಡಿಯಿತು.

ಆ ಜೋಡಣೆ ಕಟ್ಟಿಕೊಂಡು, ಖಾಲಿ ಪಿಸ್ತೂಲು ಇಟ್ಟು, ಕನ್ನಡಿ ಮುಂದೆ ನಿಂತಾಗ ಒಂದು ಸಂಗತಿ ಗೊತ್ತಾಯಿತು. ನಳಿಗೆ ಎಷ್ಟು ಉದ್ದವಿದ್ದರೂ ಅದು ಬಟ್ಟೆಯೊಳಗೆ ಕೆಳಕ್ಕೆ ಇಳಿದುಹೋಗುತ್ತದೆ, ಯಾರಿಗೂ ಕಾಣುವುದಿಲ್ಲ. ಎದ್ದು ಕಾಣುವುದು ಹಿಡಿಯ ಬುಡ. ಬಗ್ಗಿದರೆ, ಮೇಲಿನ ಕಪಾಟು ತೋರಿಸಲು ಕೈ ಎತ್ತಿದರೆ, ಕುರ್ತಿಯ ಮೇಲೆ ಅದೇ ಮೊನೆ ಮೂಡುತ್ತದೆ. ಬಾಡಿಗೆಗೆ ತಂದಿದ್ದನ್ನು ಮನೆಗೆ ಒಯ್ಯಲು ಬಿಡುವುದಿಲ್ಲ, ಹಾಗಾಗಿ ಎರಡೂ ಪಿಸ್ತೂಲುಗಳನ್ನು ಶಿಕ್ಷಕಿಯ ತರಗತಿ ಕೋಣೆಯಲ್ಲೇ ಕಟ್ಟಿಕೊಂಡು ನೋಡಿದೆ. 43ಎಕ್ಸ್‌ನ ಉದ್ದ ಹಿಡಿ ತೆಳು ಹತ್ತಿಯ ಕುರ್ತಿಯಲ್ಲಿ ಚುಚ್ಚಿ ತೋರುತ್ತಿತ್ತು. ಪಿ365 ತೋರಲಿಲ್ಲ. ಕೈಗೆ 43ಎಕ್ಸ್ ಒಂದು ಗುಲಗಂಜಿ ಮೇಲು, ಬಟ್ಟೆಗೆ ಪಿ365. ದಿನಾ ಕಟ್ಟಿಕೊಳ್ಳಲು ಆಗದ್ದನ್ನು ಕೊಂಡು ಏನು ಮಾಡಲಿ? ಪಿ365ಕ್ಕೆ ಮನಸ್ಸು ಗಟ್ಟಿಮಾಡಿದೆ. ಪಕ್ಕದಲ್ಲಿ ಟ್ರಿಗರ್ ಕೆಲಸ ಮಾಡದಂತೆ ತಡೆಯುವ ಸೇಫ್ಟಿ ಗುಂಡಿ ಇರುವ ಮಾದರಿಯೂ ಇದೆ, ಅದನ್ನೇ ಕೇಳಿದೆ. ನಳಿಗೆಯಲ್ಲಿ ಗುಂಡು ಏರಿಸದೆ ಇಟ್ಟುಕೊಂಡರೆ ಸಾಲದೇ ಎಂದು ಕೇಳಿದ್ದಕ್ಕೆ ಶಿಕ್ಷಕಿ ನನ್ನ ಎಡಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡು "ಈಗ ಸ್ಲೈಡ್ ಎಳಿ" ಎಂದಿದ್ದರು.

ಕೊಳ್ಳುವಾಗ 4473 ಎಂಬ ಫಾರ್ಮ್ ತುಂಬಬೇಕು. ಅದರಲ್ಲಿ ನಮ್ಮಂಥ ಇನಿಷಿಯಲ್ ಇರುವವರಿಗೆ ಒಂದು ತಮಾಷೆ ಇದೆ. ಹೆಸರಿನಲ್ಲಿ ಬರೀ ಒಂದಕ್ಷರ ಇದ್ದರೆ ಅದರ ಪಕ್ಕ "ಐಒ" ಎಂದು ಬರೆಯಬೇಕು, ಇಷ್ಟೇ ಇರುವುದು, ವಿಸ್ತರಣೆ ಇಲ್ಲ ಎಂಬ ಅರ್ಥದಲ್ಲಿ. ಕೌಂಟರಿನಲ್ಲಿದ್ದ ಹುಡುಗನಿಗೇ ಅದು ಮರೆತಿತ್ತು, ಪುಸ್ತಕ ತೆಗೆದು ನೋಡಿದ. ಪ್ರಶ್ನೆಗಳಲ್ಲಿ ಗಾಂಜಾದ್ದೂ ಒಂದು. ರಾಜ್ಯದಲ್ಲಿ ಸಕ್ರಮವಾಗಿದ್ದರೂ ಕೇಂದ್ರದ ಕಾನೂನಿನಲ್ಲಿ ಅಕ್ರಮ ಎಂದು ಅಲ್ಲೇ ಎಚ್ಚರಿಕೆ ಬರೆದಿದೆ. ಆಮೇಲೆ ಎಫ್‌ಬಿಐ ಹಿನ್ನೆಲೆ ತಪಾಸಣೆ. ನನ್ನದು "ಡಿಲೇ" ಎಂದು ಬಂತು. ಗಾಬರಿಯಾಗಬೇಕಿಲ್ಲ, ನಿರಾಕರಣೆ ಅಲ್ಲ ಅದು. ಕಾದೆ, ಸಿಕ್ಕಿತು.

ಫೋನಿನಲ್ಲಿ ಅಮ್ಮನಿಗೆ ಹೇಳಿದೆ. "ಅಲ್ಲೂ ಹಂದಿ ಕಾಟ ಇದ್ಯನೇ ಮಾರಾಯ್ತಿ?" ಎಂದು ಕೇಳಿದರು. ಇದೆ ಅಮ್ಮ, ಟೆಕ್ಸಸ್ ತುಂಬ ಕಾಡುಹಂದಿ ಎಂದೆ. ಅದು ಸುಳ್ಳೂ ಅಲ್ಲ. ಉಳಿದದ್ದನ್ನು ಹೇಳಿ ಅವರ ನಿದ್ದೆ ಯಾಕೆ ಕೆಡಿಸಲಿ?

ಲೈಸೆನ್ಸಿನ ಪರೀಕ್ಷೆ ಕಷ್ಟದ್ದಲ್ಲ. ನಾಲ್ಕರಿಂದ ಆರು ಗಂಟೆಯ ಪಾಠ, ಒಂದು ಲಿಖಿತ ಪರೀಕ್ಷೆ, ಆಮೇಲೆ 50 ಗುಂಡು. 3, 7 ಮತ್ತು 15 ಗಜದಿಂದ ಹಾರಿಸಬೇಕು. 250ಕ್ಕೆ 175 ಬಂದರೆ ಪಾಸು. ಬೆರಳಚ್ಚು ಕೊಟ್ಟು 40 ಡಾಲರ್ ಶುಲ್ಕ ಕಟ್ಟಿದರೆ ಕಾರ್ಡು ಅಂಚೆಯಲ್ಲಿ ಬರುತ್ತದೆ. ಪಾಠದಲ್ಲಿ ಉಪಯೋಗಕ್ಕೆ ಬಂದದ್ದು ಎಲ್ಲಿ ಒಯ್ಯಬಾರದು ಎಂಬ ಪಟ್ಟಿ. ಪೋಸ್ಟ್ ಆಫೀಸು ಇಲ್ಲ. ಆದಾಯದ ಅರ್ಧಕ್ಕಿಂತ ಹೆಚ್ಚು ಮದ್ಯದಿಂದಲೇ ಬರುವ, ಕೆಂಪಕ್ಷರದಲ್ಲಿ 51% ಎಂದು ಬರೆದ ಬಾರ್‌ಗಳು ಇಲ್ಲ. ಶಾಲೆಯ ಕಟ್ಟಡದೊಳಗೆ ಇಲ್ಲ. ಲೈಸೆನ್ಸ್ ಇದ್ದರೂ ಅಡಗಿಸಿದ ಪಿಸ್ತೂಲು ತರಬೇಡಿ ಎನ್ನುವ 30.06 ಬೋರ್ಡು ಹಾಕಿದ ಖಾಸಗಿ ಜಾಗಗಳಲ್ಲೂ ಇಲ್ಲ. ಮನೆ ಮಾರುವವರು ಬೇಡ ಎಂದರೆ ಅವರ ಮನೆಯೊಳಗೂ ಒಯ್ಯುವಂತಿಲ್ಲ. ನಮ್ಮ ರಾಜ್ಯೋತ್ಸವ ನಡೆಯುವುದು ಶಾಲೆಯ ಸಭಾಂಗಣದಲ್ಲಿ, ಹಾಗಾಗಿ ಸೀರೆಯೊಳಗೆ ಪಿಸ್ತೂಲು ಹೇಗೆ ಎಂಬ ಪ್ರಶ್ನೆಯನ್ನು ಕಾನೂನೇ ಬಗೆಹರಿಸಿಬಿಟ್ಟಿತು.

ಮನೆಯಲ್ಲಿ ಅದು ಇರುವುದು ಮಂಚದ ಪಕ್ಕ ಗೋಡೆಗೆ ಬೋಲ್ಟ್ ಹಾಕಿದ ಪುಟ್ಟ ತಿಜೋರಿಯಲ್ಲಿ. ಗುಂಡು ತುಂಬಿದ ಬಂದೂಕು 17 ತುಂಬದ ಮಕ್ಕಳ ಕೈಗೆ ಸಿಗುವ ಹಾಗೆ ಇಡುವುದು ಟೆಕ್ಸಸ್‌ನಲ್ಲಿ ಅಪರಾಧ. ಕಾನೂನು ಇಲ್ಲದಿದ್ದರೂ ನಾನು ಹಾಗೆಯೇ ಇಡುತ್ತಿದ್ದೆ. ರೇಂಜಿನಲ್ಲಿ ಹಾರಿಸುವುದು ಅಗ್ಗದ ಗುಂಡು. ಮೈಮೇಲೆ ಇರುವಾಗ ಹಾಲೋ ಪಾಯಿಂಟ್, ಮೈಗೆ ತಗುಲಿದಾಗ ಅರಳಿ ಒಳಗೇ ನಿಲ್ಲುವಂಥದ್ದು. ಆದರೂ ಗುರಿ ತಪ್ಪಿದರೆ ಇಲ್ಲಿನ ಮನೆಗಳ ಶೀಟ್‌ರಾಕ್ (ಜಿಪ್ಸಮ್ ಹಲಗೆಯ) ಗೋಡೆ ಅದನ್ನು ತಡೆಯುವುದಿಲ್ಲ. ದಿನಾ ಅಂಥ ಗೋಡೆಗಳ ನಡುವೆಯೇ ಓಡಾಡುವ ನನಗೆ ಅದು ಚೆನ್ನಾಗಿ ಗೊತ್ತು. ಅದಕ್ಕೇ ಅಭ್ಯಾಸ ಬಿಟ್ಟಿಲ್ಲ.

ಮೊನ್ನೆ ಗೆಳತಿಯೊಬ್ಬಳು, ಅವಳೂ ಇದೇ ಕಸುಬಿನವಳು, ಗ್ರೀನ್ ಕಾರ್ಡ್ ಬಂದ ಮೇಲೆ ಕೇಳಿದಳು. "ನೀನು ಇಷ್ಟೆಲ್ಲ ಹುಡುಕಿದ್ದೀಯಲ್ಲ, ನಿಂದೇ ಮಾಡೆಲ್ ಹೇಳು, ನಾನೂ ಅದನ್ನೇ ತಗೋತೀನಿ." ಬಾ ಎಂದು ರೇಂಜಿಗೆ ಕರೆದುಕೊಂಡು ಹೋದೆ. ಅವಳು ನನಗಿಂತ ಒಂದು ಗೇಣು ಎತ್ತರ, ಬೆರಳು ಉದ್ದ, ಉಡುವುದು ಜೀನ್ಸ್ ಮತ್ತು ಬ್ಲೇಜರ್. ನನ್ನ ಪಿ365 ಹಿಡಿದು "ಇದು ಆಟದ ಸಾಮಾನು ಥರ ಇದ್ಯಲ್ಲೇ" ಎಂದಳು. ನಾನು ಬೇಡ ಎಂದು ಬಿಟ್ಟಿದ್ದ 43ಎಕ್ಸ್‌ನಲ್ಲಿ ಮೊದಲ ಮ್ಯಾಗಜೀನಿಗೇ ನನಗಿಂತ ಚೆನ್ನಾಗಿ ಹಾರಿಸಿದಳು. ಅದನ್ನೇ ಕೊಂಡಳು.